ಚಳಿಗೆ ಸ್ಟಾರ್ಟ್ ಆಗದ ಹಳೇ ಟ್ರ್ಯಾಕ್ಟರ್: ಇಂಜಿನ್ ಬೋರ್ ಮಾಡಿಸೋದಾ, ಮಾರೋದಾ?

ಡಿಸೆಂಬರಿನ ಒಂದು ಬೆಳಿಗ್ಗೆ, ಆರೂವರೆ ಗಂಟೆ. ಅರಸೀಕೆರೆ ಕಡೆಯ ನಮ್ಮೂರಿನಲ್ಲಿ ಚಿಕ್ಕಪ್ಪ ಟ್ರ್ಯಾಕ್ಟರಿನ ಏರ್ ಕ್ಲೀನರ್ ಬಾಯಿಗೆ ಉರಿಯುವ ಬಟ್ಟೆ ಹಿಡಿದು ನಿಂತಿದ್ದರು. ಸೀಟಿನ ಮೇಲಿದ್ದ ಹುಡುಗ ಸ್ಟಾರ್ಟರ್ ಒತ್ತುತ್ತಿದ್ದ. ಇಂಜಿನ್ ನಿಧಾನಕ್ಕೆ ಗೊರಗೊರ ತಿರುಗಿತು, ಸೈಲೆನ್ಸರಿನಿಂದ ಬಿಳಿ ಹೊಗೆ ಬಂತು, ಅಷ್ಟೇ. ಕೊನೆಗೆ ನಾಲ್ಕು ಜನ ಸೇರಿ ಇಳಿಜಾರಿಗೆ ತಳ್ಳಿ ಗೇರಿಗೆ ಹಾಕಿದಾಗ ಒಂದೇ ಏಟಿಗೆ ಶುರುವಾಯಿತು. ಆಮೇಲೆ ಸಂಜೆಯವರೆಗೂ ಟ್ರೈಲರಿನಲ್ಲಿ ರಾಗಿ ಹುಲ್ಲು ಸಾಗಿಸಿತು, ಒಂದು ಸಲವೂ ಕೆಮ್ಮಲಿಲ್ಲ.

ಅಲ್ಲಿ ಸೇರಿದ್ದವರು ಆಗಲೇ ತೀರ್ಪು ಕೊಟ್ಟಾಗಿತ್ತು. ಇಪ್ಪತ್ತೆಂಟು ವರ್ಷ ಆಯ್ತಲ್ಲ, ಮಾರಿಬಿಡು ಅಂದರು ಒಬ್ಬರು. ದೃಷ್ಟಿಯಾಗಿದೆ, ನಿಂಬೆಹಣ್ಣು ಕಟ್ಟು ಅಂದರು ಇನ್ನೊಬ್ಬರು. ಈಗಿನದೆಲ್ಲ ಬರೀ ತಗಡು, ಹಳೇ ಕಬ್ಬಿಣ ಕೈಬಿಡಬೇಡ ಅಂತ ಮೂರನೆಯವರು. ಆಯುಧ ಪೂಜೆಗೆ ಟ್ರ್ಯಾಕ್ಟರಿಗೆ ಕುಂಕುಮ ಇಡುವುದು ನನಗೂ ಇಷ್ಟ. ಆದರೆ ಲಕ್ಷಾಂತರ ರೂಪಾಯಿಯ ತೀರ್ಮಾನವನ್ನು ವಯಸ್ಸು ನೋಡಿ, ದೃಷ್ಟಿ ನೋಡಿ ಮಾಡುವುದು ಕಂಡರೆ ಸಂಕಟವಾಗುತ್ತದೆ. ಯಾಕೆಂದರೆ ಆ ಇಂಜಿನ್ ತನಗೇನಾಗಿದೆ ಅಂತ ತಾನೇ ಹೇಳುತ್ತಿತ್ತು. ಸ್ಟಾರ್ಟರಿಗೆ ಹತ್ತುವುದಿಲ್ಲ, ತಳ್ಳಿದರೆ ಹತ್ತುತ್ತದೆ, ಹತ್ತಿದ ಮೇಲೆ ದಿನವಿಡೀ ಓಡುತ್ತದೆ. ಈ ಮೂರನ್ನು ಜೋಡಿಸಿದರೆ ಮುಕ್ಕಾಲು ಉತ್ತರ ಸಿಕ್ಕ ಹಾಗೆ.

ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಕಿಡಿಯೇ ಇಲ್ಲದೆ ಬೆಂಕಿ ಎಲ್ಲಿಂದ ಬರುತ್ತದೆ? ಬರೀ ಗಾಳಿಯಿಂದ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದು ನಿಮಗೆ ಗೊತ್ತು. ಅದೇ ಕೆಲಸ ಇಲ್ಲಿ ಜೋರಾಗಿ ನಡೆಯುತ್ತದೆ. ಪಿಸ್ಟನ್ ಮೇಲೆ ಬರುತ್ತಾ ಗಾಳಿಯನ್ನು ಸುಮಾರು ಹದಿನೇಳರಲ್ಲಿ ಒಂದು ಭಾಗದಷ್ಟು ಜಾಗಕ್ಕೆ ಅದುಮುತ್ತದೆ. ಹಾಗೆ ಅದುಮಿದ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಡೀಸೆಲ್ ತಾನಾಗಿ ಹತ್ತಿಕೊಳ್ಳಲು 250 ಡಿಗ್ರಿಯೂ ಬೇಡ. ನೋಝಲ್ ಡೀಸೆಲನ್ನು ಮಂಜಿನ ಹಾಗೆ ಚಿಮ್ಮಿಸಿದ ಕೂಡಲೇ ಭಗ್ ಅನ್ನುತ್ತದೆ. ಚಿಕ್ಕಪ್ಪ ಬಟ್ಟೆ ಉರಿಸಿ ಹಿಡಿದದ್ದೂ ಈ ಕಾರಣಕ್ಕೇ, ಅವರಿಗೆ ಲೆಕ್ಕ ಗೊತ್ತಿಲ್ಲದಿದ್ದರೂ. ಒಳಗೆ ಹೋಗುವ ಗಾಳಿ 18 ಡಿಗ್ರಿ ಜಾಸ್ತಿ ಬಿಸಿಯಿದ್ದರೆ ಅದುಮಿದ ಮೇಲೆ ಸುಮಾರು 50 ಡಿಗ್ರಿ ಜಾಸ್ತಿ ಆಗುತ್ತದೆ. ಉಪಾಯ ಸರಿ, ಆದರೆ ಅಪಾಯ. ಡೀಸೆಲ್ ಸುರಿದಿರುವ ಜಾಗದಲ್ಲಿ ಬೆಂಕಿ ಆಡಬಾರದು.

ಹಾಗಾದರೆ ಹಳೇ ಇಂಜಿನ್ ಯಾಕೆ ಹತ್ತುವುದಿಲ್ಲ? ಗಾಳಿ ಸೋರುತ್ತದೆ. ಪಿಸ್ಟನ್ ಸುತ್ತ ಇರುವ ರಿಂಗುಗಳು, ಅವು ಉಜ್ಜಿಕೊಂಡು ಓಡಾಡುವ ಲೈನರ್ ಅನ್ನುವ ಕೊಳವೆ ಎರಡೂ ಸವೆದಿರುತ್ತವೆ. ಬೊಗಸೆಯಲ್ಲಿ ನೀರು ಹಿಡಿದು ಬಾವಿಯಿಂದ ಮನೆಗೆ ಬರುವುದನ್ನು ನೆನೆಸಿಕೊಳ್ಳಿ. ಓಡಿ ಬಂದರೆ ಅರ್ಧ ಬೊಗಸೆಯಾದರೂ ಉಳಿಯುತ್ತದೆ, ನಿಧಾನಕ್ಕೆ ನಡೆದು ಬಂದರೆ ಬರೀ ಒದ್ದೆ ಕೈ. ಸ್ಟಾರ್ಟರ್ ಇಂಜಿನ್ನನ್ನು ನಿಮಿಷಕ್ಕೆ 200 ಸುತ್ತು ತಿರುಗಿಸುತ್ತದೆ ಅಂದುಕೊಳ್ಳಿ. ಆಗ ಪಿಸ್ಟನ್ ಕೆಳಗಿನಿಂದ ಮೇಲೆ ಬರಲು ಸೆಕೆಂಡಿನ ಆರೇಳರಲ್ಲಿ ಒಂದು ಭಾಗ ಬೇಕು. 2000 ಸುತ್ತಿನಲ್ಲಿ ಓಡುವಾಗ ಅದರ ಹತ್ತನೇ ಒಂದು ಪಾಲು ಸಮಯ ಸಾಕು. ಸೋರುವ ಸಂದು ಅಷ್ಟೇ ಇದೆ, ಸೋರಲು ಸಿಗುವ ಸಮಯ ಹತ್ತು ಪಟ್ಟು ಕಡಿಮೆ! ಸಾಲದ್ದಕ್ಕೆ ನಿಧಾನ ತಿರುಗುವಾಗ ತಣ್ಣಗಿನ ಲೈನರ್ ಕೂಡ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ತಳ್ಳಿದಾಗ ಹತ್ತಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಚಕ್ರ ಇಂಜಿನ್ನನ್ನು ಸ್ಟಾರ್ಟರಿಗಿಂತ ಜೋರಾಗಿ ತಿರುಗಿಸಿತು. ಬಿಳಿ ಹೊಗೆ ಅಂದರೆ ಹತ್ತದೇ ಉಳಿದ ಡೀಸೆಲ್ಲಿನ ಆವಿ. (ಬ್ಯಾಟರಿ ಇಳಿದಿದ್ದರೂ ಹೀಗೇ ಆಗುತ್ತದೆ, ಇಂಜಿನ್ ಚೆನ್ನಾಗಿದ್ದರೂ! ಅದಕ್ಕೇ ಮೊದಲು ಬ್ಯಾಟರಿ, ಅದರ ಟರ್ಮಿನಲ್ ನೋಡಿ. ಸುಮ್ನೆ ಇಂಜಿನ್ ಬಿಚ್ಚಿಸಬೇಡಿ.)

ಗಾಳಿ ಸೋರದಂತೆ ಪಿಸ್ಟನ್ ಕೂರಿಸುವುದು ಈ ಇಂಜಿನ್ನಿನ ಹುಟ್ಟಿನಿಂದಲೂ ಇರುವ ತಲೆನೋವು. ರುಡಾಲ್ಫ್ ಡೀಸೆಲ್ 1893ರಲ್ಲಿ ಜರ್ಮನಿಯಲ್ಲಿ ಪೇಟೆಂಟ್ ಪಡೆದ. ಅದೇ ವರ್ಷ ಆಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ ಮೊದಲ ಪರೀಕ್ಷೆ ನಡೆಸಿದಾಗ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. ಸರಿಯಾಗಿ ಓಡುವ ಇಂಜಿನ್ ಕೈಗೆ ಬಂದದ್ದು 1897ರಲ್ಲಿ. ಇಂಧನದ ಶಕ್ತಿಯಲ್ಲಿ ಶೇಕಡಾ 26ರಷ್ಟನ್ನು ಅದು ಕೆಲಸಕ್ಕೆ ತಿರುಗಿಸಿತು. ಆ ಕಾಲದ ಉಗಿ ಯಂತ್ರಗಳಿಗೆ ಇದು ಕನಸಿನ ಮಾತು. 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಅವನು ರಾತ್ರೋರಾತ್ರಿ ಕಾಣೆಯಾದ. ಅವನ ಇಂಜಿನ್ ಮಾತ್ರ ನಮ್ಮ ಹೊಲದವರೆಗೆ ಬಂತು.

ಸೋರಿಕೆ ರಿಂಗಿನಲ್ಲೋ ವಾಲ್ವಿನಲ್ಲೋ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ನಮ್ಮ ಮೆಕ್ಯಾನಿಕ್ ಅದನ್ನು ನನ್ನೆದುರೇ ಮಾಡಿದರು. ನೋಝಲ್ ಬಿಚ್ಚಿ ಆ ತೂತಿಗೆ ಗಾಳಿಯ ಒತ್ತಡ ಅಳೆಯುವ ಮೀಟರ್ ಕೂರಿಸಿ ಇಂಜಿನ್ ತಿರುಗಿಸಿದರು. ಮುಳ್ಳು 19ಕ್ಕೆ ನಿಂತಿತು. ಮೀಟರ್ ತೆಗೆದು ಅದೇ ತೂತಿನಲ್ಲಿ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ತಿರುಗಿಸಿದರು. 26! ಆಯಿಲ್ ರಿಂಗಿನ ಸಂದು ತುಂಬಿ ಸೋರಿಕೆ ನಿಲ್ಲಿಸಿತ್ತು. ಅಂದರೆ ಸವೆದದ್ದು ರಿಂಗು, ಲೈನರ್. ಮುಳ್ಳು ಏರದೇ ಇದ್ದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಬೇಕಿತ್ತು. ಒಂದೇ ಚಮಚ, ಜಾಸ್ತಿ ಬೇಡ. ಆಯಿಲ್ ಗಾಳಿಯ ಹಾಗೆ ಅದುಮಿಕೊಳ್ಳುವುದಿಲ್ಲ, ಪಿಸ್ಟನ್ನನ್ನು ತಳ್ಳುವ ಕನೆಕ್ಟಿಂಗ್ ರಾಡೇ ಬಾಗಿಬಿಡುತ್ತದೆ.

ಕುಕ್ಕರ್ ವಿಸಿಲ್ ಹೊಡೆಯದಿದ್ದರೆ ನಾವು ಕುಕ್ಕರ್ ಎಸೆಯುವುದಿಲ್ಲ, ಗ್ಯಾಸ್ಕೆಟ್ ಬದಲಾಯಿಸುತ್ತೇವೆ. ತಳ ತೂತಾದರೆ ಮಾತ್ರ ಹೊಸದು ತರುತ್ತೇವೆ. ಟ್ರ್ಯಾಕ್ಟರ್ ಕೂಡ ಹಾಗೇ. ರಿಂಗು, ಪಿಸ್ಟನ್, ಲೈನರ್, ಬೇರಿಂಗ್, ನೋಝಲ್ ಇವೆಲ್ಲ ಸವೆಯಲಿ ಅಂತಲೇ ಇರುವ ಭಾಗಗಳು. ಬಹಳಷ್ಟು ಟ್ರ್ಯಾಕ್ಟರ್‌ಗಳಲ್ಲಿ ಲೈನರ್ ಹೊರಗೆ ತೆಗೆದು ಹೊಸದು ಕೂರಿಸಬಹುದು. ಇಂಜಿನ್ ಬಿಚ್ಚಿ ಇವನ್ನೆಲ್ಲ ಹೊಸದು ಹಾಕಿಸುವುದನ್ನೇ ಬೋರ್ ಮಾಡಿಸುವುದು ಅನ್ನುತ್ತಾರೆ. ಇವು ಹೋದರೆ ಇಂಜಿನ್ ಮುದಿಯಾಗಿಲ್ಲ, ಅದರ ಗ್ಯಾಸ್ಕೆಟ್ ಹೋಗಿದೆ. ಇಂಜಿನ್ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಅಂತ ಅರ್ಥ. ಅದು ಲೈನರಿನ ರಬ್ಬರ್ ರಿಂಗಿನದೋ ಹೆಡ್ ಗ್ಯಾಸ್ಕೆಟ್ಟಿನದೋ ಆದರೆ ಸಣ್ಣ ಖರ್ಚು. ಬ್ಲಾಕೇ ಬಿರುಕು ಬಿಟ್ಟಿದ್ದರೆ ತಳ ತೂತಾದ ಕುಕ್ಕರ್. ಕಪ್ಪು ಹೊಗೆಗೆ ಹೆದರಿ ಇಂಜಿನ್ ಇಳಿಸುವವರೂ ಇದ್ದಾರೆ. ಎಷ್ಟೋ ಸಲ ಅದು ಧೂಳು ತುಂಬಿದ ಏರ್ ಕ್ಲೀನರ್, ಇಲ್ಲವೇ ಕೆಟ್ಟ ನೋಝಲ್. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ.

ಇಂಜಿನ್ ಗಟ್ಟಿಯಿದ್ದರೂ ಸ್ಪೇರ್ ಸಿಗಬೇಕಲ್ಲ? ವಾಚಿನಿಂದ ನಮಗೆ ಗೊತ್ತಿರುವ ಬೆಂಗಳೂರಿನ ಎಚ್‌ಎಂಟಿ, ಚೆಕೊಸ್ಲೊವಾಕಿಯಾದ ಜೆಟಾರ್ ಕಂಪನಿ ಜೊತೆ ಸೇರಿ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡುತ್ತಿತ್ತು. 2016ರಲ್ಲಿ ಆ ಘಟಕ ಮುಚ್ಚಲು ಸರ್ಕಾರ ಒಪ್ಪಿತು. ಕಂಪನಿಯೇ ನಿಂತ ಗಾಡಿ ಇದ್ದರೆ ಗೇರ್ ಬಾಕ್ಸ್, ಹೈಡ್ರಾಲಿಕ್ ಪಂಪಿನ ಸಾಮಾನು ಎಲ್ಲಿ ಸಿಗುತ್ತದೆ ಅಂತ ಕೇಳಿಕೊಂಡೇ ಇಂಜಿನ್ನಿಗೆ ದುಡ್ಡು ಹಾಕಿ.

ಇನ್ನು ಲೆಕ್ಕ. ಹೊಸದಕ್ಕೆ 7 ಲಕ್ಷ ಸಾಲ, ಬಡ್ಡಿ ಶೇಕಡಾ 10 ಅಂತ ಇಟ್ಟುಕೊಳ್ಳಿ. ಮೊದಲ ವರ್ಷ ಬಡ್ಡಿಯೇ 70 ಸಾವಿರ. ಚಿಕ್ಕಪ್ಪನ ಟ್ರ್ಯಾಕ್ಟರ್ ವರ್ಷಕ್ಕೆ 250 ಗಂಟೆ ಓಡಿದರೆ ಹೆಚ್ಚು. ಗಂಟೆಗೆ 280 ರೂಪಾಯಿ ಬರೀ ಬಡ್ಡಿಗೇ ಹೋಯಿತು, ಡೀಸೆಲ್ ಇನ್ನೂ ಹಾಕಿಲ್ಲ! ಬಾಡಿಗೆಗೆ ವರ್ಷಕ್ಕೆ 1000 ಗಂಟೆ ಓಡಿಸುವವರಿಗೆ ಅದೇ ಬಡ್ಡಿ ಗಂಟೆಗೆ 70 ರೂಪಾಯಿ. ಬಿತ್ತನೆ ಹೊತ್ತಿನಲ್ಲಿ ಮೂರು ದಿನ ಗಾಡಿ ನಿಂತರೆ ಅವರ ಗಿರಾಕಿಗಳೇ ಬೇರೆ ಕಡೆ ಹೋಗುತ್ತಾರೆ. ಅಂಥವರು ಹೊಸದು ತಗೊಳ್ಳುವುದೇ ಸರಿ.

ಚಿಕ್ಕಪ್ಪ ಬೋರ್ ಮಾಡಿಸಿದರು. ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಮೇಲೆ-ಕೆಳಗಿನ ಓಡಾಟವನ್ನು ತಿರುಗುವಿಕೆಯಾಗಿ ಬದಲಿಸುವ ದಂಡ, ಲೇತಿಗೆ ಹೋದ ದಿನ ನಾನೂ ಜೊತೆಗಿದ್ದೆ. ಕ್ರ್ಯಾಂಕ್ ಸವೆದಾಗ ಅದನ್ನು ಮಟ್ಟವಾಗಿ ಗ್ರೈಂಡ್ ಮಾಡಿ, ಕಡಿಮೆಯಾದಷ್ಟನ್ನು ತುಂಬುವ ದಪ್ಪನೆಯ ಬೇರಿಂಗ್ ಹಾಕುತ್ತಾರೆ. ಒಂದು ಸಲಕ್ಕೆ ಕಾಲು ಮಿಲಿಮೀಟರ್, ಅಂದರೆ ಇಂಚಿನ ಸಾವಿರದಲ್ಲಿ ಸುಮಾರು ಹತ್ತು ಭಾಗ, ಅದನ್ನೇ ಟೆನ್ ಸೈಜ್ ಅನ್ನುತ್ತಾರೆ. ಆಮೇಲೆ ಟ್ವೆಂಟಿ, ತರ್ಟಿ, ಫಾರ್ಟಿ. ಈ ಕ್ರ್ಯಾಂಕಿಗೆ ಅದರಾಚೆ ಬೇರಿಂಗ್ ಸಿಗುವುದಿಲ್ಲ. ಲೇತಿನವರು ಮೈಕ್ರೋಮೀಟರ್ ಹಿಡಿದು ಅಳೆದು, ಒರೆಸಿ, ಇನ್ನೊಮ್ಮೆ ಅಳೆದು, ನೋಟ್‌ಬುಕ್ಕಿನಲ್ಲಿ 30 ಅಂತ ಬರೆದರು. "ಇನ್ನೊಂದು ಸಲ ಇದೆ ಯಜಮಾನ್ರೇ" ಅಂದರು. ಚಿಕ್ಕಪ್ಪ ಆ ಸಂಖ್ಯೆಯನ್ನು ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಪೇಂಟಿನಲ್ಲಿ ಬರೆದಿಟ್ಟಿದ್ದಾರೆ, ಪಕ್ಕದಲ್ಲಿ ತಾರೀಖು.