ಯಾವ ಪ್ರೋಟೀನ್ ಒಡೆಯಬೇಕು ಅಂತ ಜೀವಕೋಶಕ್ಕೆ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ತಿಂದ ಬೇಳೆಯ ಪ್ರೋಟೀನ್ ಹೊಟ್ಟೆಯಲ್ಲಿ ಜೀರ್ಣವಾಗುವುದು ಗೊತ್ತು. ಆದರೆ ಜೀವಕೋಶಗಳು ತಮ್ಮದೇ ಪ್ರೋಟೀನನ್ನೂ ಒಡೆಯುತ್ತವಂತೆ. ಯಾವುದನ್ನು ಒಡೆಯಬೇಕು, ಯಾವುದನ್ನು ಬಿಡಬೇಕು ಅಂತ ಅವಕ್ಕೆ ಹೇಗೆ ತಿಳಿಯುತ್ತದೆ?

ಉತ್ತರ: ಒಡೆಯುತ್ತವೆ, ಅದೂ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ದೊಡ್ಡವರ ದೇಹದಲ್ಲಿ ದಿನಕ್ಕೆ ಸುಮಾರು 250ರಿಂದ 300 ಗ್ರಾಂ ಪ್ರೋಟೀನ್ ಒಡೆದು, ಹೆಚ್ಚುಕಮ್ಮಿ ಅಷ್ಟೇ ಹೊಸದಾಗಿ ತಯಾರಾಗುತ್ತದೆ. ಕಣ್ಣಿನ ಮಸೂರದ ಪ್ರೋಟೀನ್ ಜೀವಮಾನವಿಡೀ ಉಳಿಯುತ್ತದೆ. ಇನ್ನು ಕೆಲವು ಅರ್ಧ ಗಂಟೆಯೂ ಬಾಳುವುದಿಲ್ಲ.

ಹೊಟ್ಟೆಯ ಕಿಣ್ವಗಳು ಎದುರಿಗೆ ಸಿಕ್ಕಿದ ಪ್ರೋಟೀನನ್ನು ಕತ್ತರಿಸುತ್ತವೆ. ಆ ಕತ್ತರಿಕೆಗೆ ಶಕ್ತಿ ಖರ್ಚಾಗುವುದಿಲ್ಲ. ಆದರೆ ಜೀವಕೋಶದೊಳಗೆ ಪ್ರೋಟೀನ್ ಒಡೆಯಲು ಶಕ್ತಿ ಬೇಕು ಅಂತ 1953ರಲ್ಲೇ ಇಲಿಯ ಲಿವರ್ ಚೂರುಗಳ ಪ್ರಯೋಗದಲ್ಲಿ ಕಂಡಿತು. ಒಡೆಯುವುದಕ್ಕೆ ಯಾಕೆ ಖರ್ಚು? ಆರಿಸುವುದಕ್ಕೆ! ನಿಮ್ಮ ಪ್ರಶ್ನೆಯ ಗುಟ್ಟು ಇರುವುದೇ ಇಲ್ಲಿ.

ರಸ್ತೆ ಅಗಲ ಮಾಡುವ ಮುಂಚೆ ಕೆಡವಬೇಕಾದ ಮನೆಗಳ ಗೋಡೆಗೆ ಕೆಂಪು ಗುರುತು ಹಾಕುತ್ತಾರಲ್ಲ, ಜೀವಕೋಶವೂ ಹಾಗೆಯೇ ಗುರುತು ಹಾಕುತ್ತದೆ. ಆ ಗುರುತು ಯುಬಿಕ್ವಿಟಿನ್ ಎಂಬ, ಬರೀ 76 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನ್. ಒಂದರ ಬಾಲಕ್ಕೆ ಇನ್ನೊಂದು ಅಂಟಿ ಸಾಮಾನ್ಯವಾಗಿ ನಾಲ್ಕಾರು ಯುಬಿಕ್ವಿಟಿನ್‌ಗಳ ಸರಪಳಿಯಾದರೆ ಆ ಪ್ರೋಟೀನಿನ ಕಥೆ ಮುಗಿಯಿತು. ಈ ಗುಟ್ಟನ್ನು ಬಿಡಿಸಿದ ಇಸ್ರೇಲಿನ ಆರನ್ ಚೀಖನೊವರ್, ಅವ್ರಾಮ್ ಹರ್ಷ್ಕೊ ಮತ್ತು ಅಮೆರಿಕದ ಇರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಒಡೆಯುವ ಯಂತ್ರದ ಹೆಸರು ಪ್ರೋಟಿಯಾಸೋಮ್. ಇದು ಪೀಪಾಯಿ ಆಕಾರದ್ದು, ಕತ್ತರಿಗಳೆಲ್ಲ ಒಳಗಿರುತ್ತವೆ. ಬಾಗಿಲಲ್ಲಿರುವ ಭಾಗ ಸರಪಳಿಯನ್ನು ಗುರುತಿಸಿ, ಪ್ರೋಟೀನಿನ ಮಡಿಕೆ ಬಿಡಿಸಿ, ದಾರದ ಹಾಗೆ ಒಳಗೆ ಎಳೆದುಕೊಳ್ಳುತ್ತದೆ. ಯುಬಿಕ್ವಿಟಿನ್ ಮಾತ್ರ ಕಳಚಿಕೊಂಡು ಮತ್ತೆ ಬಳಕೆಗೆ ಬರುತ್ತದೆ. ಕತ್ತರಿಗಳು ಹೊರಗೆ ಅಡ್ಡಾಡುವುದಿಲ್ಲ, ಹಾಗಾಗಿಯೇ ಜೀವಕೋಶ ತನ್ನನ್ನು ತಾನೇ ತಿಂದುಕೊಳ್ಳುವುದಿಲ್ಲ. (ಲೈಸೋಸೋಮ್ ಎಂಬ ಇನ್ನೊಂದು ದಾರಿಯೂ ಇದೆ. ದೊಡ್ಡ ಗಾತ್ರದ ಕಸ ಹೆಚ್ಚಾಗಿ ಅಲ್ಲಿಗೆ ಹೋಗುತ್ತದೆ.)

ಸರಿ, ಗುರುತು ಹಾಕುವವರು ಯಾರು? ಇ3 ಲೈಗೇಸ್ ಎಂಬ ಕಿಣ್ವಗಳು. ನಮ್ಮಲ್ಲಿ 600ಕ್ಕೂ ಹೆಚ್ಚು ಬಗೆಯವಿವೆ, ಒಂದೊಂದು ಕೆಲವು ಪ್ರೋಟೀನುಗಳನ್ನು ಮಾತ್ರ ಹಿಡಿಯುತ್ತದೆ. ಕೆಟ್ಟ ಪ್ರೋಟೀನಿನಲ್ಲಿ ಒಳಗೆ ಅಡಗಿರಬೇಕಾದ, ನೀರಿಗೆ ಸೇರದ ಭಾಗ ಹೊರಗೆ ಇಣುಕುತ್ತದೆ, ಅದೇ ಸುಳಿವು. ಆದರೆ ಕೆಟ್ಟದ್ದಷ್ಟೇ ಅಲ್ಲ, ಚೆನ್ನಾಗಿರುವುದನ್ನೂ ಜೀವಕೋಶ ಬೇಕೆಂದೇ ಒಡೆಯುತ್ತದೆ. ನನಗೆ ತುಂಬಾ ಇಷ್ಟದ ಉದಾಹರಣೆ ಎಚ್‌ಐಎಫ್ ಎಂಬ ಪ್ರೋಟೀನ್. ಆಕ್ಸಿಜನ್ ಸಾಕಷ್ಟಿದ್ದಾಗ ಇದಕ್ಕೆ ಒಂದು ಪುಟ್ಟ ರಾಸಾಯನಿಕ ಗುಂಪು ಅಂಟುತ್ತದೆ, ಅದನ್ನು ನೋಡಿಯೇ ಇ3 ಹಿಡಿಯುತ್ತದೆ. ಆಕ್ಸಿಜನ್ ಕಮ್ಮಿಯಾದರೆ ಆ ಗುಂಪು ಅಂಟುವುದಿಲ್ಲ. ಎಚ್‌ಐಎಫ್ ಉಳಿದುಕೊಂಡು, ಕೆಂಪು ರಕ್ತಕಣ ಹೆಚ್ಚಿಸುವ ಜೀನ್ ಚಾಲೂ ಮಾಡುತ್ತದೆ. ಹೊಸದಾಗಿ ತಯಾರಿಸುತ್ತಾ ಕೂರುವುದಕ್ಕಿಂತ ಒಡೆಯುವುದನ್ನು ನಿಲ್ಲಿಸುವುದು ಬೇಗ ಆಗುವ ಕೆಲಸ, ಅಲ್ವಾ?

ಈ ಆಯ್ಕೆಯನ್ನು ಹಾದಿ ತಪ್ಪಿಸಲೂಬಹುದು. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಇ6 ಎಂಬ ಪ್ರೋಟೀನ್, ನಮ್ಮದೇ ಒಂದು ಇ3ಯನ್ನು ಬಳಸಿಕೊಂಡು, ಕ್ಯಾನ್ಸರ್ ತಡೆಯುವ ಪಿ53 ಎಂಬ ಪ್ರೋಟೀನಿಗೆ ಗುರುತು ಹಾಕಿಸುತ್ತದೆ. ಔಷಧಗಳೂ ಇದೇ ಉಪಾಯ ಮಾಡುತ್ತವೆ. ಮಲ್ಟಿಪಲ್ ಮೈಲೋಮ ಎಂಬ ಕ್ಯಾನ್ಸರಿಗೆ ಕೊಡುವ ಲೆನಲಿಡೊಮೈಡ್ ಒಂದು ಇ3ಗೆ ಅಂಟಿಕೊಂಡು, ಆ ಕ್ಯಾನ್ಸರ್ ಕೋಶಗಳು ಬದುಕಲು ಬೇಕಾದ ಪ್ರೋಟೀನುಗಳನ್ನೇ ಅದರ ಕೈಗೆ ಸಿಗುವಂತೆ ಮಾಡುತ್ತದೆ.