ಹೆಲಿಕಾಪ್ಟರ್‌ನಲ್ಲಿ ತಂದು ಕಾಡಿಗೆ ಹಾವು ಬಿಡ್ತಾರಾ?

ಪ್ರಶ್ನೆ: ಈ ವರ್ಷ ನಮ್ಮ ತೋಟದಲ್ಲಿ ಮೂರು ಸಲ ಕಾಳಿಂಗ ಸರ್ಪ ಕಂಡಿತು. ಮೊದಲು ಹೀಗಿರಲಿಲ್ಲ. ಫಾರೆಸ್ಟ್‌ನವರು ಹೆಲಿಕಾಪ್ಟರ್‌ನಲ್ಲಿ ತಂದು ಬಿಟ್ಟಿದ್ದಾರೆ ಅಂತ ಊರಲ್ಲೆಲ್ಲ ಮಾತು. ನಿಜವಾ ಸರ್?
– ಶಿರಸಿ ಕಡೆಯ ಓದುಗರು

ಇಲ್ಲ. ಯಾರೂ ತಂದಿಲ್ಲ, ಯಾರೂ ಬಿಟ್ಟಿಲ್ಲ.

ಇದೇ ಪ್ರಶ್ನೆಗೆ ನಾನು ಮದುವೆ ಊಟದ ಪಂಕ್ತಿಯಲ್ಲಿ ಉತ್ತರ ಕೊಟ್ಟಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟಿದ್ದೇನೆ. ಅಡಿಕೆ ಸುಲಿಯುವವರ ಪಕ್ಕ ಕೂತು ಕೊಟ್ಟಿದ್ದೇನೆ. ಆಗ "ಹೌದಲ್ವಾ ಸರ್" ಎಂದು ತಲೆ ಆಡಿಸಿದವರೇ ಮುಂದಿನ ಮಳೆಗಾಲಕ್ಕೆ ಮತ್ತೆ ಕೇಳುತ್ತಾರೆ. ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಹೆಲಿಕಾಪ್ಟರ್‌ನಿಂದ ಹಾವು ಇಳಿಸಿದ್ದನ್ನು ಕಣ್ಣಾರೆ ಕಂಡವರು ಒಬ್ಬರೂ ನನಗೆ ಸಿಕ್ಕಿಲ್ಲ. ಕಂಡವರು ಯಾವಾಗಲೂ ಪಕ್ಕದೂರಿನವರು. ಪಕ್ಕದೂರಿಗೆ ಹೋಗಿ ಕೇಳಿದರೆ ಭಾವನ ಊರಿನವರು. ಸಿದ್ದಾಪುರದವರು ಯಲ್ಲಾಪುರದ ಕಡೆ ಕೈ ತೋರಿಸುತ್ತಾರೆ, ಯಲ್ಲಾಪುರದವರು ಜೋಯಿಡಾ ಕಡೆ.

ಖರ್ಚು ನೋಡಿ. ಬಾಡಿಗೆ ಹೆಲಿಕಾಪ್ಟರ್ ಒಂದು ಗಂಟೆ ಹಾರಿದರೆ ಲಕ್ಷ ರೂಪಾಯಿ ದಾಟುತ್ತದೆ. ಒಂದು ಹಾವನ್ನು ಚೀಲದಲ್ಲಿ ಹಾಕಿ ಜೀಪಿನಲ್ಲಿ ಒಯ್ಯಲು ಡೀಸೆಲ್ ಸಾಕು. ದಾರಿ ಇರುವ ಕಾಡಿಗೆ ಯಾರಾದರೂ ಆಕಾಶದಿಂದ ಬರುತ್ತಾರಾ? ಇನ್ನು ನಮ್ಮ ಕಾಡಿನ ಮೇಲೆ ಹೆಲಿಕಾಪ್ಟರ್ ಇಳಿಯುವುದಾದರೂ ಎಲ್ಲಿ? ಮರದ ತಲೆಗೆ ಮರದ ತಲೆ ತಾಗಿಕೊಂಡಿದೆ. ಇಳಿಯದೆ ಮೇಲಿಂದಲೇ ಎಸೆದರೆ ಹತ್ತು ಹನ್ನೆರಡು ಅಡಿ ಉದ್ದದ ಹಾವಿನ ಬೆನ್ನುಮೂಳೆ ಉಳಿಯುವುದಿಲ್ಲ. ಉಳಿಸಬೇಕೆಂದು ತಂದ ಪ್ರಾಣಿಯನ್ನು ಯಾರೂ ಹಾಗೆ ಎಸೆಯುವುದಿಲ್ಲ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಕಾಳಿಂಗವನ್ನು ಹೊರಗಿನಿಂದ ತರುವುದೇನು, ಅದು ಇಲ್ಲಿಯದೇ. ಕಾಳಿಂಗ ಎಲ್ಲ ಕಡೆ ಒಂದೇ ಜಾತಿ ಎಂದು ಬಹಳ ಕಾಲ ತಿಳಿದಿದ್ದರು. 2024ರಲ್ಲಿ ವಿಜ್ಞಾನಿಗಳು ಅದನ್ನು ನಾಲ್ಕು ಜಾತಿಗಳೆಂದು ಬಿಡಿಸಿದರು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಕೊಟ್ಟ ಹೆಸರು ಒಫಿಯೊಫೇಗಸ್ ಕಾಳಿಂಗ. ನಮ್ಮ ಅಜ್ಜಂದಿರು ಕರೆದ ಹೆಸರು ಜಗತ್ತಿನ ವಿಜ್ಞಾನದ ಪುಸ್ತಕ ಸೇರಿದೆ. ಇದನ್ನು ಹೇಳುವಾಗಲೆಲ್ಲ ನನಗೆ ಹೆಮ್ಮೆ ಆಗುತ್ತದೆ. ಅಂಥ ಹಾವನ್ನು ನಾವೇ ಹೊರಗಿನಿಂದ ಬಂದದ್ದು ಎನ್ನುತ್ತಿದ್ದೇವೆ!

ಹಾಗಾದರೆ ಈ ಮಾತು ಹುಟ್ಟಿದ್ದು ಹೇಗೆ? ಎರಡು ನಿಜಗಳು ಸೇರಿ ಒಂದು ಸುಳ್ಳಾಗಿದೆ ಎಂದು ನನ್ನ ಅಂದಾಜು. ಮನೆಯಲ್ಲಿ ಹಿಡಿದ ಹಾವನ್ನು ಫಾರೆಸ್ಟ್‌ನವರು ಜೀಪಿನಲ್ಲಿ ಒಯ್ದು ಕಾಡಿಗೆ ಬಿಡುವುದು ನಿಜ. ನಮ್ಮ ತಲೆಯ ಮೇಲೆ ಹೆಲಿಕಾಪ್ಟರ್ ಹಾರುವುದೂ ನಿಜ. ಕಾರವಾರದಲ್ಲಿ 2005ರಿಂದ ಐಎನ್ಎಸ್ ಕದಂಬ ನೌಕಾನೆಲೆ ಇದೆ, ಪಕ್ಕದ ಗೋವಾದಲ್ಲಿ ನೌಕಾಪಡೆಯ ವಿಮಾನ ನೆಲೆ ಇದೆ. ಕರಾವಳಿಯವರಿಗೆ ಆ ಸದ್ದು ರೂಢಿ, ಘಟ್ಟದ ಮೇಲಿನವರಿಗೆ ಅದು ಸುದ್ದಿ. ಭೂಮಿಯೊಳಗಿನ ನೀರು, ಅದಿರು ಹುಡುಕುವ ಹೆಲಿಕಾಪ್ಟರ್‌ಗಳೂ ಇವೆ. ಅವುಗಳ ಕೆಳಗೆ ಹಗ್ಗದಲ್ಲಿ ದೊಡ್ಡದೊಂದು ಚೌಕಟ್ಟು ತೂಗುತ್ತಿರುತ್ತದೆ. ಗದ್ದೆ ಉತ್ತ ಹಾಗೆ ಸಾಲು ಹಿಡಿದು, ತೀರಾ ತಗ್ಗಿನಲ್ಲಿ ಹಿಂದೆ ಮುಂದೆ ಹಾರುತ್ತವೆ. ತುಮಕೂರು ಜಿಲ್ಲೆಯ ಅಂಕಸಂದ್ರದಲ್ಲಿ ಅಂತರ್ಜಲದ ನಕ್ಷೆಗಾಗಿ ಹೀಗೆ ಹಾರಿಸಿದ್ದರು. ಕೆಳಗೆ ನಿಂತು ನೋಡಿದವರಿಗೆ ಏನೋ ಇಳಿಸುತ್ತಿದ್ದಾರೆ ಅನ್ನಿಸಿದರೆ ತಪ್ಪೇನಲ್ಲ.

ಈ ಕಥೆ ನಮ್ಮಲ್ಲಿ ಮಾತ್ರ ಇಲ್ಲ. ಫ್ರಾನ್ಸ್ ದೇಶದ ಹಳ್ಳಿಗಳಲ್ಲಿ 1970, 80ರ ದಶಕಗಳಲ್ಲಿ ಇದೇ ಗುಲ್ಲು ಎದ್ದಿತ್ತು. ಪರಿಸರದವರು ಹೆಲಿಕಾಪ್ಟರ್‌ನಿಂದ ಮಂಡಲದ ಜಾತಿಯ ಹಾವು ಸುರಿಯುತ್ತಾರೆ ಅಂತ! ವೆರೋನಿಕ್ ಕಾಂಪಿಯೋನ್ ವಿನ್ಸೆಂಟ್ ಎಂಬ ಸಂಶೋಧಕಿ ಈ ಗುಲ್ಲನ್ನೇ ಅಧ್ಯಯನ ಮಾಡಿದರು. ಊರು ಬೇರೆ, ಭಾಷೆ ಬೇರೆ, ಕಥೆ ಒಂದೇ.

ಹಾವಿಗೂ ಹೆಲಿಕಾಪ್ಟರ್‌ಗೂ ನಿಜವಾಗಿ ಸಂಬಂಧ ಇರುವ ಜಾಗ ನನಗೆ ಗೊತ್ತಿರುವುದು ಪೆಸಿಫಿಕ್ ಸಾಗರದ ಗುವಾಮ್ ದ್ವೀಪ. ಅಲ್ಲಿ ನಡೆದದ್ದು ಪೂರ್ತಿ ಉಲ್ಟಾ. ಎರಡನೇ ಮಹಾಯುದ್ಧದ ನಂತರ ಹಡಗಿನ ಸಾಮಾನಿನ ಜೊತೆ ಹೊರಗಿನ ಕಂದು ಮರಹಾವು ಆ ದ್ವೀಪ ಸೇರಿತು. ಅಲ್ಲಿನ ಕಾಡುಹಕ್ಕಿಗಳನ್ನು ಹೆಚ್ಚುಕಡಿಮೆ ಮುಗಿಸಿಬಿಟ್ಟಿತು. ಅದನ್ನು ಕಡಿಮೆ ಮಾಡಲು ಹೆಲಿಕಾಪ್ಟರ್‌ನಿಂದ ಸತ್ತ ಇಲಿಮರಿಗಳನ್ನು ಎಸೆದರು. ಒಂದೊಂದರಲ್ಲೂ 80 ಮಿಲಿಗ್ರಾಂ ಪ್ಯಾರಾಸಿಟಮಾಲ್. ನಮ್ಮ ಜ್ವರದ ಮಾತ್ರೆ ಆ ಹಾವಿಗೆ ವಿಷ. 2013ರಲ್ಲಿ ಒಮ್ಮೆ 2,000 ಇಲಿಮರಿಗಳನ್ನು ಹಾಗೆ ಹಾಕಿದ್ದರು.

ಕಾಡುಪ್ರಾಣಿಗಳನ್ನು ಹೆಲಿಕಾಪ್ಟರ್‌ನಲ್ಲಿ ಒಯ್ಯುವುದೇ ಇಲ್ಲವಾ ಅಂದರೆ, ಒಯ್ಯುತ್ತಾರೆ. ಆದರೆ ಅವು ಎಣಿಸಿದ ಪ್ರಾಣಿಗಳು, ಇಡೀ ದೇಶಕ್ಕೇ ಗೊತ್ತಾಗುವಂಥವು. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳೆಲ್ಲ ಅಳಿದ ಮೇಲೆ, 2008ರ ಜೂನ್‌ನಲ್ಲಿ ರಣಥಂಬೋರ್‌ನಿಂದ ಒಂದು ಗಂಡು ಹುಲಿಯನ್ನು ವಾಯುಪಡೆಯ ಹೆಲಿಕಾಪ್ಟರ್‌ನಲ್ಲಿ ತಂದರು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದ ಎಂಟು ಚೀತಾಗಳು ಗ್ವಾಲಿಯರ್ ತನಕ ವಿಮಾನದಲ್ಲಿ, ಅಲ್ಲಿಂದ ಮಧ್ಯಪ್ರದೇಶದ ಕುನೋ ಕಾಡಿಗೆ ಹೆಲಿಕಾಪ್ಟರ್‌ನಲ್ಲಿ ಬಂದವು. ಅರಿವಳಿಕೆ ಕೊಟ್ಟ ಪ್ರಾಣಿ ದಾರಿಯಲ್ಲಿ ಕಳೆಯುವ ಹೊತ್ತು ಕಡಿಮೆಯಾದಷ್ಟೂ ಅದರ ಜೀವಕ್ಕೆ ಒಳ್ಳೆಯದು. ಅಷ್ಟು ಖರ್ಚು ಅದಕ್ಕಾಗಿ. ಆಫ್ರಿಕಾದಲ್ಲಿ ರಸ್ತೆ ಇಲ್ಲದ ಗುಡ್ಡಗಳಿಂದ ಕಪ್ಪು ಘೇಂಡಾಮೃಗಗಳನ್ನು ನಾಲ್ಕೂ ಕಾಲು ಕಟ್ಟಿ, ತಲೆಕೆಳಗಾಗಿ ನೇತುಹಾಕಿ ಹಾರಿಸುತ್ತಾರೆ. ನೋಡಿದರೆ ಕರುಳು ಚುರ್ ಅನ್ನುತ್ತದೆ. ಆದರೆ ನಮೀಬಿಯಾದಲ್ಲಿ 12 ಘೇಂಡಾಮೃಗಗಳನ್ನು ಕ್ರೇನಿಗೆ ಹಾಗೆ ತೂಗಿಸಿ ಪರೀಕ್ಷೆ ಮಾಡಿದಾಗ, ಪಕ್ಕಕ್ಕೆ ಮಲಗಿಸಿದ್ದಕ್ಕಿಂತ ಉಸಿರಾಟ ಕೆಡಲಿಲ್ಲ, ಸ್ವಲ್ಪ ಮೇಲೇ ಇತ್ತು ಎಂದು ಗೊತ್ತಾಯಿತು.

ಈಗ ನಿಮ್ಮ ತೋಟದ ಕಾಳಿಂಗ. ಯಾವ ತಿಂಗಳು ಕಂಡಿರಿ ಎಂದು ನೀವು ಬರೆದಿಲ್ಲ. ಮಾರ್ಚ್, ಏಪ್ರಿಲ್ ಆಗಿದ್ದರೆ ಅದು ಜೋಡಿ ಸೇರುವ ಕಾಲ. ಒಂದು ಹೆಣ್ಣಿನ ವಾಸನೆ ಹಿಡಿದು ಎರಡು ಮೂರು ಗಂಡು ಬರುತ್ತವೆ. ಅಥವಾ ಮೂರು ಸಲ ಕಂಡದ್ದೂ ಒಂದೇ ಹಾವು ಇರಬಹುದು. ಕೊಟ್ಟಿಗೆಯಲ್ಲಿ ಇಲಿ ಇದ್ದರೆ ಕೇರೆ ಹಾವು ಬರುತ್ತದೆ. ಕೇರೆ ಇದ್ದರೆ ಅದನ್ನು ತಿನ್ನಲು ಕಾಳಿಂಗ ಬರುತ್ತದೆ. ಮೊದಲೂ ಬರುತ್ತಿತ್ತು. ಆಗ ಫೋಟೋ ತೆಗೆದು ಇಡೀ ತಾಲೂಕಿಗೆ ಕಳಿಸಲು ಮೊಬೈಲ್ ಇರಲಿಲ್ಲ, ಅಷ್ಟೇ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಹಾವು ಹಿಡಿಯಲು ಬಂದವರಿಗೆ ನಾವೆಲ್ಲ "ಆದಷ್ಟು ದೂರ ಬಿಟ್ಟು ಬನ್ನಿ" ಎಂದು ಗಂಟು ಬೀಳುತ್ತೇವೆ. ಅದು ಬೇಡ. ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ 2008ರಿಂದ ಕಾಳಿಂಗಗಳ ದೇಹದೊಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ಬೆನ್ನು ಹತ್ತಿದರು. ತನ್ನ ಜಾಗದಲ್ಲೇ ಇದ್ದ ಹಾವು ಅಲ್ಲಲ್ಲೇ ಸುತ್ತಾಡಿತು. ದೂರ ಒಯ್ದು ಬಿಟ್ಟ ಹಾವು ನೆಲೆ ಸಿಗದೆ ಒಂದೇ ದಿಕ್ಕಿಗೆ ಹೋಗುತ್ತಲೇ ಇತ್ತು. ಹಾಗೆ ಹೋಗುವ ಹಾವು ಇನ್ನಷ್ಟು ಊರು, ಇನ್ನಷ್ಟು ರಸ್ತೆ ದಾಟುತ್ತದೆ. ನಮ್ಮ ಭಯ ಇನ್ನೊಬ್ಬರ ಅಂಗಳ ಸೇರುತ್ತದೆ, ಹಾವೂ ಸಾಯಬಹುದು. ಹತ್ತಿರದ ಕಾಡಿನಲ್ಲೇ ಬಿಡಲು ಹೇಳಿ. ಸುಮ್ನೆ ದಾಟಿ ಹೋಗುತ್ತಿದ್ದರೆ ಹಿಡಿಸುವುದೂ ಬೇಡ. ನಾಯಿ ಕಟ್ಟಿ, ಮಕ್ಕಳನ್ನು ಒಳಗೆ ಕರೆದು, ದಾರಿ ಬಿಡಿ.

ಸೊಪ್ಪಿನ ಬೆಟ್ಟಕ್ಕೆ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಹೋದಾಗಲೂ ಸ್ವಲ್ಪ ನೋಡಿಕೊಳ್ಳಿ. ಒಣ ಎಲೆಯನ್ನು ಯಾರೋ ಒತ್ತಾಗಿ ಗುಪ್ಪೆ ಹಾಕಿದ ಹಾಗೆ ಕಂಡರೆ ಅದು ಕಾಳಿಂಗದ ಗೂಡು ಇರಬಹುದು. ಗೂಡು ಕಟ್ಟಿ ಮೊಟ್ಟೆ ಇಡುವ ಹಾವು ಅದೊಂದೇ. ತಾಯಿ ಅಲ್ಲೇ ಕಾವಲು ಇರುತ್ತಾಳೆ. ಹತ್ತಿರ ಹೋಗಬೇಡಿ, ಫಾರೆಸ್ಟ್ ಗಾರ್ಡ್‌ಗೆ ಫೋನ್ ಮಾಡಿ. ಆ ತುಂಡು ಜಾಗದ ದರಕು ಈ ವರ್ಷ ಹಾಗೇ ಇರಲಿ.