ಪದ ಪರಿಚಯ: ಕಾಲ ಸಮೀಕರಣ

ಫೆಬ್ರವರಿ 11ರಂದು ಮಂಗಳೂರಿನಲ್ಲಿ ಸೂರ್ಯ ನಡು ಆಕಾಶಕ್ಕೆ ಬರುವಾಗ ಕೈಗಡಿಯಾರದಲ್ಲಿ 12:45 ಆಗಿರುತ್ತದೆ. ನವೆಂಬರ್ 3ರಂದು ಅದೇ ಊರಿನಲ್ಲಿ 12:14ಕ್ಕೇ ಬಂದುಬಿಡುತ್ತಾನೆ. ಊರು ಕದಲಿಲ್ಲ, ಗಡಿಯಾರವೂ ಕೆಟ್ಟಿಲ್ಲ. ಈ ಅರ್ಧ ಗಂಟೆಯ ಏರುಪೇರಿನ ಹಿಂದಿರುವುದೇ ಕಾಲ ಸಮೀಕರಣ. ನೆರಳು ತೋರಿಸುವ ಹೊತ್ತಿಗೂ ವರ್ಷವಿಡೀ ಒಂದೇ ವೇಗದಲ್ಲಿ ಓಡುವ ಗಡಿಯಾರದ ಹೊತ್ತಿಗೂ ಆಯಾ ದಿನ ಬೀಳುವ ವ್ಯತ್ಯಾಸಕ್ಕೆ ಈ ಹೆಸರು. ಗಣಿತದ ಪಾಠವೆಂದು ಹೆದರಬೇಕಿಲ್ಲ. ಕೂಡಿಸಿ ಕಳೆದು ಸರಿಹೊಂದಿಸುವ ಬಾಕಿ ಲೆಕ್ಕ, ಅಷ್ಟೇ.

ಇದರ ಜೊತೆಗೆ ಎಂದೂ ಬದಲಾಗದ ಇನ್ನೊಂದು ಬಾಕಿಯೂ ಇದೆ. ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. 1906ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ಪ್ರಮಾಣ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತು. ಆ ರೇಖೆ ಆಂಧ್ರದ ಕಾಕಿನಾಡದ ಆಸುಪಾಸಿನಲ್ಲಿ ಹಾಯುತ್ತದೆ. ಕರ್ನಾಟಕ ಇಡಿಯಾಗಿ ಅದರ ಪಶ್ಚಿಮಕ್ಕಿದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಾಗಾಗಿ ಬೆಂಗಳೂರಿನ ಸೂರ್ಯ ಪ್ರಮಾಣ ಸಮಯಕ್ಕಿಂತ ಸುಮಾರು 20 ನಿಮಿಷ ತಡ, ಮೈಸೂರಿನವನು 23, ಮಂಗಳೂರಿನವನು 30ಕ್ಕೂ ಸ್ವಲ್ಪ ಹೆಚ್ಚು, ಕಾರವಾರದವನು 33 ದಾಟುತ್ತಾನೆ. ಸೂರ್ಯನ ಹೊತ್ತನ್ನು ಬಿಟ್ಟುಕೊಡಲು ಎಲ್ಲರೂ ಸುಲಭವಾಗಿ ಒಪ್ಪಲಿಲ್ಲ ಎನ್ನಿ. ಮುಂಬೈ 39 ನಿಮಿಷ ಹಿಂದಿದ್ದ ತನ್ನದೇ ಸಮಯವನ್ನು 1955ರವರೆಗೂ ಇಟ್ಟುಕೊಂಡಿತ್ತು.

ಬದಲಾಗುವ ಬಾಕಿಯ ಮೂಲ ಆಕಾಶದಲ್ಲಿದೆ. ಭೂಮಿ ತನ್ನ ಸುತ್ತ ತಾನು ಒಮ್ಮೆ ತಿರುಗುವುದು 23 ಗಂಟೆ 56 ನಿಮಿಷದಲ್ಲಿ. ಅಷ್ಟರಲ್ಲಿ ಅದು ತನ್ನ ಕಕ್ಷೆಯಲ್ಲೂ ಮುಂದೆ ಸಾಗಿರುವುದರಿಂದ, ಸೂರ್ಯನನ್ನು ಮತ್ತೆ ಎದುರಿಗೆ ಕಾಣಲು ಇನ್ನೂ ಕೊಂಚ ತಿರುಗಬೇಕು. ಆ ‘ಕೊಂಚ’ ಸರಾಸರಿ 4 ನಿಮಿಷವಾದರೂ ಎಲ್ಲ ದಿನವೂ ಒಂದೇ ಅಲ್ಲ. ಕಕ್ಷೆ ದೀರ್ಘವೃತ್ತ, ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಹತ್ತಿರವಿದ್ದು ವೇಗವಾಗಿ ಓಡುತ್ತದೆ, ಜುಲೈಯಲ್ಲಿ ದೂರವಿದ್ದು ನಿಧಾನವಾಗುತ್ತದೆ. ಅದಲ್ಲದೆ ಭೂಮಿಯ ಅಕ್ಷ 23.4 ಡಿಗ್ರಿ ವಾಲಿಕೊಂಡಿದೆ. ಸೂರ್ಯ ವರ್ಷವಿಡೀ ಓರೆ ದಾರಿಯಲ್ಲಿ ಸಾಗುವಂತೆ ಕಾಣುತ್ತಾನೆ, ನಾವು ಹೊತ್ತು ಎಣಿಸುವುದು ಮಾತ್ರ ಪೂರ್ವ–ಪಶ್ಚಿಮವಾಗಿ. ಮಾರ್ಚ್, ಸೆಪ್ಟೆಂಬರ್‌ಗಳಲ್ಲಿ ಅವನ ನಡೆಯ ಒಂದು ಪಾಲು ಉತ್ತರ–ದಕ್ಷಿಣಕ್ಕೆ ಖರ್ಚಾಗುತ್ತದೆ. ಜೂನ್, ಡಿಸೆಂಬರ್‌ಗಳಲ್ಲಿ ಹಾಗಾಗುವುದಿಲ್ಲ. ಡಿಸೆಂಬರ್‌ನಲ್ಲಿ ಎರಡು ಕಾರಣಗಳೂ ಒಂದಾಗಿ, ಒಂದು ನಡುಹಗಲಿನಿಂದ ಮರುದಿನದ ನಡುಹಗಲಿಗೆ 24 ಗಂಟೆಯ ಮೇಲೆ ಸುಮಾರು ಅರ್ಧ ನಿಮಿಷ ಹಿಡಿಯುತ್ತದೆ. ಹನಿಗೂಡಿ ಹಳ್ಳ: ಫೆಬ್ರವರಿ 11ರ ವೇಳೆಗೆ ನೆರಳು 14 ನಿಮಿಷ ಹಿಂದೆ ಬಿದ್ದಿರುತ್ತದೆ. ನವೆಂಬರ್ 3ಕ್ಕೆ 16 ನಿಮಿಷಕ್ಕೂ ಹೆಚ್ಚು ಮುಂದಿರುತ್ತದೆ. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1, ಡಿಸೆಂಬರ್ 25ರ ಹೊತ್ತಿಗೆ ವ್ಯತ್ಯಾಸ ಶೂನ್ಯ.

ಇದು ನೆರಳು ಗಡಿಯಾರ ಇಟ್ಟುಕೊಂಡವರಿಗಷ್ಟೇ ಕಾಣುವ ಸಂಗತಿಯಲ್ಲ. ಅತಿ ಚಿಕ್ಕ ಹಗಲು ಡಿಸೆಂಬರ್ 21–22ಕ್ಕೇ ಮುಗಿದರೂ ಬೆಂಗಳೂರಿನಲ್ಲಿ ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿಯ ಕೊನೆಯ ಭಾಗದಲ್ಲಿ. ಸಂಕ್ರಾಂತಿ ಕಳೆದು ಸಂಜೆ ಉದ್ದವಾದರೂ ಶಾಲೆಗೆ ಹೊರಡುವ ಮಕ್ಕಳಿಗೆ ಬೆಳಗಿನ ಕತ್ತಲೆ ತಪ್ಪದಿರುವುದಕ್ಕೆ ಇದೇ ಕಾರಣ. ಗೋಡೆಯ ಕ್ಯಾಲೆಂಡರ್ ಸೋಮವಾರದ ರಾಹುಕಾಲವನ್ನು 7:30ರಿಂದ 9 ಎಂದು ಅಚ್ಚು ಹಾಕುವಾಗ ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆಂದು ಹಿಡಿದಿರುತ್ತದೆ. ಮಂಗಳೂರಿನ ಜನವರಿಯಲ್ಲಿ ಅವನು ಹುಟ್ಟುವುದೇ ಏಳರ ಹತ್ತಿರ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನಂಬುವವರು ಊರಿನ ಸೂರ್ಯೋದಯ ನೋಡಿ ಲೆಕ್ಕ ಹಾಕುವ ಪಂಚಾಂಗವನ್ನೇ ತೆರೆಯುವುದು ಮೇಲು.

ಇನ್ನು ನೆರಳು ಗಡಿಯಾರದ ರಚನೆ. ಸಾಮಾನ್ಯ ಮಾದರಿಯಲ್ಲಿ ಮಟ್ಟಸವಾದ ಹಲಗೆಯ ಮೇಲೆ ಶಂಕು, ಅಂದರೆ ನೆರಳು ಬೀಳಿಸುವ ಓರೆ ಅಂಚಿನ ಪಟ್ಟಿ, ನಿಲ್ಲುತ್ತದೆ. ಆ ಅಂಚು ನಿಜವಾದ ಉತ್ತರಕ್ಕೆ ಮುಖ ಮಾಡಿರಬೇಕು, ಹಲಗೆಯಿಂದ ಊರಿನ ಅಕ್ಷಾಂಶದಷ್ಟೇ ಮೇಲೆದ್ದಿರಬೇಕು. ಉತ್ತರ ಹುಡುಕಲು ನಮ್ಮ ಹಳೆಯ ಖಗೋಳ ಸಿದ್ಧಾಂತ ಗ್ರಂಥಗಳ ದಾರಿಯೇ ಸಾಕು. ನೆಟ್ಟಗೆ ನಿಲ್ಲಿಸಿದ ಕೋಲಿನ ಸುತ್ತ ವೃತ್ತ ಎಳೆದು, ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವ ಬಿಂದು, ಮಧ್ಯಾಹ್ನದ ಮೇಲೆ ಹೊರಹೋಗುವ ಬಿಂದು, ಎರಡನ್ನೂ ಸೇರಿಸಿದರೆ ಪೂರ್ವ–ಪಶ್ಚಿಮ ಸಿಗುತ್ತದೆ.

ಆದರೆ ಬೆಂಗಳೂರಿನ ಅಕ್ಷಾಂಶ ಬರೀ 13 ಡಿಗ್ರಿ. ಶಂಕು ಹೆಚ್ಚುಕಡಿಮೆ ಮಲಗಿಕೊಂಡೇ ಇರುತ್ತದೆ. ಲಂಡನ್ನಿನ ಹಲಗೆಯಲ್ಲಿ 12ರ ಗೆರೆಗೂ 1ರ ಗೆರೆಗೂ ನಡುವೆ ಸುಮಾರು 12 ಡಿಗ್ರಿ ಅಂತರವಿದ್ದರೆ ಇಲ್ಲಿ ಮೂರೂವರೆ ಡಿಗ್ರಿಯೂ ತುಂಬುವುದಿಲ್ಲ. ಸಂಜೆ 5ರಿಂದ 6ರವರೆಗಿನ ಒಂದೇ ಗಂಟೆ 50 ಡಿಗ್ರಿ ನುಂಗುತ್ತದೆ. ನಡುಹಗಲಿನ ಗೆರೆಗಳು ಹೀಗೆ ಒತ್ತೊತ್ತಾಗಿ ನಿಂತರೆ ಓದುವುದು ಹೇಗೆ? ಇಂಗ್ಲೆಂಡಿನ ತೋಟಕ್ಕೆಂದು ಮಾಡಿದ ಹಿತ್ತಾಳೆಯ ತಟ್ಟೆಯನ್ನು ಅಂದಕ್ಕೆ ಮರುಳಾಗಿ ತಂದು ಇಲ್ಲಿ ಮಟ್ಟಸವಾಗಿ ಇಡುವುದಂತೂ ದುಡ್ಡು ದಂಡ. ನಮ್ಮ ಸೀಮೆಗೆ ಹೊಂದುವುದು ವಿಷುವ ಮಾದರಿ: ಅಂಕಿಗಳ ಬಿಲ್ಲೆಯನ್ನೇ ಶಂಕುವಿಗೆ ಲಂಬವಾಗಿ ವಾಲಿಸಿ ನಿಲ್ಲಿಸುವುದು. ಆಗ ಪ್ರತಿ ಗಂಟೆಗೂ ಸಮನಾಗಿ 15 ಡಿಗ್ರಿ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಬಿಲ್ಲೆಯ ಉತ್ತರ ಮುಖಕ್ಕೆ, ಉಳಿದ ಅರ್ಧ ವರ್ಷ ದಕ್ಷಿಣ ಮುಖಕ್ಕೆ ಬಿಸಿಲು ಬೀಳುವುದರಿಂದ ಎರಡೂ ಕಡೆ ಅಂಕಿ ಕೊರೆಯಬೇಕು.

ದೊರೆ ಎರಡನೆಯ ಸವಾಯಿ ಜಯಸಿಂಹ ಜೈಪುರದಲ್ಲಿ ಕಟ್ಟಿಸಿದ ಸುಮಾರು 27 ಮೀಟರ್ ಎತ್ತರದ ಸಮ್ರಾಟ್ ಯಂತ್ರವೂ ಇದೇ ಜಾತಿಯದು. ಅಲ್ಲಿ ನೆರಳು ಸೆಕೆಂಡಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ, ನಿಂತು ನೋಡುತ್ತಿದ್ದಂತೆಯೇ. ಗುರುತುಗಳು 2 ಸೆಕೆಂಡಿಗೊಂದರಂತೆ ಇದ್ದರೂ ನೆರಳಿನ ಅಂಚು ಅಷ್ಟು ಚೂಪಾಗಿಲ್ಲ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಅಂಚು ಹಲವು ಸೆಂಟಿಮೀಟರ್ ಮಬ್ಬಾಗುತ್ತದೆ. ಯಂತ್ರವನ್ನು ದೊಡ್ಡದು ಮಾಡಿದಷ್ಟೂ ಮಬ್ಬೂ ದೊಡ್ಡದಾಗುತ್ತದೆ.

ಬೆಂಗಳೂರಿನಲ್ಲಿ ಓದುವ ಕ್ರಮ ಇಷ್ಟು. ನೆರಳು ತೋರಿಸಿದ ಹೊತ್ತಿಗೆ 20 ನಿಮಿಷ ಕೂಡಿಸಿ. ನೆರಳು ಹಿಂದೆ ಬೀಳುವ ಕಾಲವಾದರೆ ಆ ದಿನದ ವ್ಯತ್ಯಾಸವನ್ನೂ ಕೂಡಿಸಿ, ಮುಂದೋಡುವ ಕಾಲವಾದರೆ ಕಳೆಯಿರಿ. ನವೆಂಬರ್ ಮೊದಲ ವಾರ 20ರಲ್ಲಿ 16 ಕಳೆದು ನಾಲ್ಕು ನಿಮಿಷವೂ ಉಳಿಯದೆ ನೆರಳು ಗಡಿಯಾರ ಬಹುಮಟ್ಟಿಗೆ ಸರಿಯಾಗಿಯೇ ಕಾಣುತ್ತದೆ. ಆ ವಾರ ನೋಡಿ ಮೆಚ್ಚಿ ಕೊಂಡವರು, ಫೆಬ್ರವರಿಯಲ್ಲಿ ಅದು 34 ನಿಮಿಷ ಹಿಂದಿದೆಯೆಂದು ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬಾರದು.